ಮಲ್ಲಪ್ಪನವರ ಕೈಯಲ್ಲಿದ್ದದ್ದು ಬೆಲ್ಲ

ದೇವಣಗಾಂವದ ಮಲ್ಲಪ್ಪನವರು ತಮ್ಮ ಮಗಳಿಗೆ ಪರೀಕ್ಷಾ ಕೋಣೆಯ ಕಿಟಕಿಯಿಂದ ನಕಲು ಚೀಟಿ ಕೊಡಲಿಲ್ಲ. ಕೊಟ್ಟರೆಂದು ಹದಿನೆಂಟು ವರ್ಷಗಳ ಹಿಂದೆ ಫೋಟೋ ಸಮೇತ ವರದಿ ಮಾಡಿದವನು ನಾನು. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು.

ಆಗ ನಾನು ಸಿಂದಗಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಹತ್ತನೇ ತರಗತಿಯ ಗಣಿತ ಪರೀಕ್ಷೆಯ ದಿನ ಬೆಳಿಗ್ಗೆ ಕಚೇರಿಯಿಂದ ಫೋನ್ ಬಂತು. "ನಿನ್ನೆ ಇಂಡಿಯಿಂದ ನಕಲಿನ ಫೋಟೋ ಬಂತು, ಮುದ್ದೇಬಿಹಾಳದಿಂದ ಬಂತು. ನಿಮ್ಮೂರಾಗ ಹುಡುಗ್ರೆಲ್ಲ ಒಮ್ಮೆಲೇ ಶಾಣ್ಯಾ ಆಗ್ಯಾರೇನು?"

ಶಾಲೆಯೊಂದರ ಹಿಂಬದಿಯಲ್ಲಿ ಒಂದು ತಾಸು ಕಾದೆ. ಯಾರೂ ಗೋಡೆ ಹತ್ತಲಿಲ್ಲ. ಅಷ್ಟರಲ್ಲಿ ಒಳಗೆ ಒಬ್ಬ ಹುಡುಗಿಗೆ — ರೇಣುಕಾ ಅವಳ ಹೆಸರು — ತಲೆ ಸುತ್ತಿತು. ಕೋಣೆಯ ಮೇಲ್ವಿಚಾರಕ ಮಾಸ್ತರರೇ ಕಿಟಕಿಯಿಂದ ಕೂಗಿ, ಬೇವಿನ ಗಿಡದ ಕೆಳಗೆ ಕುಳಿತಿದ್ದ ಅವಳ ತಂದೆಯನ್ನು ಕರೆದರು. ಕುರಿ ಕಾಯುವ ಮನುಷ್ಯ, ಹೆಗಲ ಮೇಲೆ ಕಂಬಳಿ. ನೀರಿನ ಬಾಟಲಿಯನ್ನು ಸರಳುಗಳ ನಡುವೆ ತೂರಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಮತ್ತೆ ಕೈ ಹಾಕಿ, ಕಾಗದದಲ್ಲಿ ಸುತ್ತಿದ ಬೆಲ್ಲದ ಚೂರು ಕೊಟ್ಟರು.

"ತಿನ್ನವ್ವಾ, ಗಾಬರಿ ಆಗಬ್ಯಾಡ."

ಮಾಸ್ತರರು ಅವಳ ಬೆನ್ನಿಗೆ ಕೈ ಆನಿಸಿ ನಿಂತಿದ್ದರು. ನಾನು ಫೋಟೋ ತೆಗೆದೆ. ಅವಳು ಬೆಲ್ಲ ತಿಂದದ್ದನ್ನೂ ನೋಡಿದೆ.

ಸಂಜೆ ಆ ಫೋಟೋದ ಎಡಕ್ಕಿದ್ದ ಬಾಟಲಿಯನ್ನು ಕತ್ತರಿಸಿದೆ. ಬಲಕ್ಕಿದ್ದ ಮಾಸ್ತರರನ್ನು ಕತ್ತರಿಸಿದೆ. ಉಳಿದದ್ದು ಕಂಬಳಿ ಹೊದ್ದ ತಂದೆ, ಮಗಳು, ಅವರ ಕೈಗಳ ನಡುವೆ ಮಡಚಿದ ಕಾಗದ. ಮರುದಿನ ಮುಖಪುಟ.

ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಕೇಳಿದರು: "ಅದು ಬೆಲ್ಲ ಅಂತಾರ ಅವರು. ಪೂರ್ತಿ ಫೋಟೋ ಇದ್ರ ಕೊಡ್ರಿ."

"ಇದ್ದದ್ದು ಇಷ್ಟರಿ" ಎಂದೆ.

ಎರಡೇ ಮಾತು. ಪೂರ್ತಿ ಫೋಟೋ ನನ್ನ ಮೇಜಿನ ಡ್ರಾವರಿನಲ್ಲಿತ್ತು. ಮಾಸ್ತರರಿಗೆ ನೋಟಿಸು, ಆಮೇಲೆ ವರ್ಗಾವಣೆ. ರೇಣುಕಾಳ ಫಲಿತಾಂಶ ತಡೆಹಿಡಿದರು. ಅವಳು ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಮಲ್ಲಪ್ಪನವರಿಗೆ ಊರು ಹೊಸ ಹೆಸರಿಟ್ಟಿತು — ಚೀಟಿ ಮಲ್ಲಪ್ಪ.

ಹೆಂಡತಿ ತೀರಿಕೊಂಡ ಮೇಲೆ ನಾನು ಯೇಸುವನ್ನು ನಂಬಿದೆ, ದೀಕ್ಷಾಸ್ನಾನ ಪಡೆದೆ. ಭಾನುವಾರದ ಆರಾಧನೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳುವ ರೂಢಿ ನಮ್ಮಲ್ಲಿದೆ: ನಾನು ಹೀಗಿದ್ದೆ, ಕರ್ತನು ನನ್ನನ್ನು ಹೀಗೆ ಬದಲಾಯಿಸಿದ. ಕಳೆದ ವರ್ಷ ನಾನೂ ಹೇಳಿದೆ. "ನನ್ನ ವೃತ್ತಿಯಲ್ಲಿ ಒಬ್ಬರಿಗೆ ಅನ್ಯಾಯ ಮಾಡಿದ್ದೆ. ಕರ್ತನು ಕ್ಷಮಿಸಿದ್ದಾನೆ." ಚಪ್ಪಾಳೆ ಬಿತ್ತು. ಹಿರಿಯರೊಬ್ಬರು ತಬ್ಬಿಕೊಂಡು, "ಹಳೇದೆಲ್ಲ ಮರ್ತುಬಿಡ್ರಿ ಬ್ರದರ್, ಅದು ಹೋತು" ಎಂದರು. ಎದೆ ನಿಜಕ್ಕೂ ಹಗುರಾಯಿತು.

ಆ ಹಗುರದ ಮೇಲೆ ಇವತ್ತು ನನಗೆ ಸಿಟ್ಟು. ಒಬ್ಬರಿಗೆ — ಯಾರಿಗೆ? ಅನ್ಯಾಯ — ಯಾವುದು, ಎಲ್ಲಿ, ಯಾವಾಗ? ನನ್ನ ಕೈಕೆಳಗಿನವರು ಇಂಥ ವರದಿ ತಂದಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ. ನನ್ನ ಪಾಪದ ವರದಿಯನ್ನೂ ಕತ್ತರಿಸಿಯೇ ಕೊಟ್ಟಿದ್ದೆ — ದೇವರ ಮುಂದೆ, ಚಪ್ಪಾಳೆಗೆ.

ಎರಡು ತಿಂಗಳ ಹಿಂದೆ, ಸಂತೆಯ ದಿನ, ದೇವರ ಹಿಪ್ಪರಗಿಯ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಪಕ್ಕದ ಸಾಲಿನಿಂದ ಒಬ್ಬ ಮುದುಕ ರೊಟ್ಟಿ ಬಡಿಯುತ್ತಿದ್ದ ಹೆಂಗಸಿಗೆ ಕೂಗಿದ: "ಏ ಚೀಟಿ ಮಲ್ಲಪ್ಪನ ಮಗಳ! ರೊಟ್ಟಿನೂ ಚೀಟಿ ನೋಡಿ ಬಡಿತಿಯೇನ? ಲಗೂ ತಾ!"

ಕುಳಿತವರೆಲ್ಲ ನಕ್ಕರು. ಅವಳೂ ನಕ್ಕಳು — ನಕ್ಕು ನಕ್ಕು ರೂಢಿಯಾದವರ ನಗು. ನಾನು ಅರ್ಧ ಊಟಕ್ಕೇ ಕೈ ತೊಳೆದೆ.

ಗಿರಾಕಿಗಳು ಹೋಗುವವರೆಗೆ ಕಾದು, ನಾನು ಯಾರೆಂದು ರೇಣುಕಾಗೆ ಹೇಳಿದೆ. ಫೋಟೋ ಕತ್ತರಿಸಿದ್ದು, ಮುಚ್ಚಿಟ್ಟದ್ದು, ಎಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾಚಿಕೆಯಿಲ್ಲದೆ ಇನ್ನೊಂದು ಮಾತು ಸೇರಿಸಿದೆ: "ದೇವರು ನನ್ನ ಕ್ಷಮಿಸ್ಯಾನವ್ವಾ."

ಅವಳು ಹಿಟ್ಟಿನ ಕೈ ಕೊಡವಿದಳು.

"ನೀವು ಮಾಡಿದ್ದು ನಿಮ್ಮ ದೇವರಿಗೇನ್ರಿ? ಅಂವ ಮಾಫ್ ಮಾಡಿದ್ದು ಇರ್ಲಿ. ನಮ್ಮಪ್ಪ ಇನ್ನೂ ಅದಾನ್ರಿ. ಕಟ್ಟಿ ಮ್ಯಾಲ ಕುಂತ್ರ ಇವತ್ತಿಗೂ ಮಂದಿ ಚೀಟಿ ಅಂತ ಕರೀತಾರ. ಆ ಮಂದಿ ಮುಂದ ಹೇಳ್ರಿ, ನಮ್ಮಪ್ಪ ಇರೂದ್ರಾಗ."

"ಮತ್ತ ನೀನು…"

"ನಂದು ಆಮ್ಯಾಲ ನೋಡೂಣ್ರಿ."

ಎರಡು ತಿಂಗಳು ಸುಮ್ಮನಿದ್ದೆ. ಅದಕ್ಕೂ ಕಾರಣ ಕೊಡುವುದಿಲ್ಲ. ದೇವರ ಕ್ಷಮೆಯನ್ನು ನಾನು ಅನುಮಾನಿಸುತ್ತಿಲ್ಲ. ಕ್ಷಮೆ ಸಿಕ್ಕಿದ್ದು ನಿಜವಾದರೆ ನನಗಿನ್ನು ಯಾರ ಹೆದರಿಕೆ? ಅದನ್ನು ಅಡಗಲು ಬಳಸಿದೆನಲ್ಲ — ಮುದುಕನೊಬ್ಬ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿರುವಾಗ ನಾನು ಇಲ್ಲಿ ಕಣ್ಣುಮುಚ್ಚಿ ಹಾಡುತ್ತ —

ಹೋದ ಭಾನುವಾರ ಮತ್ತೆ ಎದ್ದುನಿಂತೆ. ಹೆಸರು, ಊರು, ಅಧಿಕಾರಿಗೆ ಹೇಳಿದ ಆ ಎರಡು ಮಾತು ಎಲ್ಲ ಹೇಳಿ, ಪೂರ್ತಿ ಫೋಟೋ ಎತ್ತಿ ತೋರಿಸಿದೆ. ಚಪ್ಪಾಳೆ ಬೀಳಲಿಲ್ಲ. ಅದೇ ಹಿರಿಯರು ಹತ್ತಿರ ಬಂದು ಪಿಸುಗುಟ್ಟಿದರು: "ಹೆಸರ್ಯಾಕ ಬೇಕಿತ್ತು ಬ್ರದರ್? ದೇವರಿಗೆ ಗೊತ್ತಿಲ್ಲೇನು?"

"ದೇವಣಗಾಂವಕ್ಕ ಗೊತ್ತಿಲ್ರಿ" ಎಂದೆ.

ಫೋಟೋ ದೊಡ್ಡದು ಮಾಡಿಸಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಮಲ್ಲಪ್ಪನವರು ಬಾಯಿಗೆ ಬಂದದ್ದು ಅನ್ನಬಹುದು, ಎದ್ದು ಹೋಗಬಹುದು. ಅದು ಅವರ ಹಕ್ಕು. ನನ್ನ ಕೆಲಸ ಆ ಕಟ್ಟೆಯ ಮುಂದೆ ನಿಂತು ಫೋಟೋದ ಅಡಿಬರಹವನ್ನು ಗಟ್ಟಿಯಾಗಿ ಓದುವುದು. ಅದು ಹೀಗಿದೆ:

ತಲೆ ಸುತ್ತಿದ ಮಗಳು ರೇಣುಕಾಗೆ ಬೆಲ್ಲ ಕೊಡುತ್ತಿರುವ ತಂದೆ, ದೇವಣಗಾಂವದ ಮಲ್ಲಪ್ಪ. ಎಡಕ್ಕೆ ನೀರಿನ ಬಾಟಲಿ. ಬಲಕ್ಕೆ, ಅವಳನ್ನು ಹಿಡಿದು ನಿಂತ ಮಾಸ್ತರರು.