ಎಣ್ಣಿ ಹಾಕೇನಿ ಅಂದದ್ದು

ಅಪ್ಪನ ಕಾಲದ ಜೀಪೊಂದು ನಮ್ಮ ಮನೆಯಲ್ಲಿತ್ತು. ಅದು ಡೀಸೆಲ್ಲಿಗಿಂತ ಇಂಜಿನ್ ಆಯಿಲ್ಲನ್ನೇ ಹೆಚ್ಚು ಕುಡಿಯುತ್ತದೆ ಎಂದು ಅವ್ವ ಬೈಯುತ್ತಿದ್ದಳು. ವಾರಕ್ಕೊಮ್ಮೆ ಬಾನೆಟ್ ಎತ್ತಿ, ಅಳತೆ ಕಡ್ಡಿ ಎಳೆದು ನೋಡಿ, ಅರ್ಧ ಲೀಟರ್ ಸುರಿದರೆ ಜೀಪು ಮತ್ತೊಂದು ವಾರ ಸುಮ್ಮನಿರುತ್ತಿತ್ತು. ಇದಕ್ಕೆ ನಾವು ‘ಎಣ್ಣಿ ಹಾಕೋದು’ ಅನ್ನುತ್ತಿದ್ದೆವು. ಹಳೆಯ ಆಯಿಲ್ಲನ್ನು ಪೂರ್ತಿ ಇಳಿಸಿ ಹೊಸದು ತುಂಬುವುದಕ್ಕೂ ನಮ್ಮ ಬ್ಯಾಡಗಿಯಲ್ಲಿ ಅದೇ ಮಾತು. ಆದರೆ ನಮ್ಮ ಜೀಪಿನಲ್ಲಿ ಇಳಿಸುವುದಕ್ಕೆ ಏನಾದರೂ ಉಳಿದಿದ್ದರೆ ತಾನೇ? ಹೀಗಾಗಿ ನನ್ನ ತಲೆಯಲ್ಲಿ ಆ ಮಾತಿಗೆ ಒಂದೇ ಅರ್ಥ ಕೂತುಬಿಟ್ಟಿತ್ತು.

ಆ ಜೀಪಿನ ಜೀವ ಹಿಡಿದಿಟ್ಟವನು ನಮ್ಮೂರಿನ ಒಬ್ಬ ಮಿಸ್ತ್ರಿ. ತಗಡಿನ ಶೆಡ್ಡು, ಎರಡು ಜ್ಯಾಕು, ಒಂದು ಪೆಟ್ಟಿಗೆ ತುಂಬ ನಟ್ಟು ಬಿಚ್ಚುವ ಪಾನಾ, ಅಷ್ಟೇ ಅವನ ಗ್ಯಾರೇಜು. ನನಗೆ ಗಾಡಿ ಹೊಡೆಯಲು ಕಲಿಸಿದವನೂ ಅವನೇ. ಕ್ಲಚ್ ಬಿಡಲು ಬಾರದೆ ನಾನು ಜೀಪನ್ನು ಕುಪ್ಪಳಿಸಿದಾಗಲೆಲ್ಲ ಅವನು ಪಕ್ಕದಲ್ಲಿ ಸರಳು ಹಿಡಿದು ಕೂತು ನಗುತ್ತಿದ್ದ. ಆಗ ನಾನು ಅವನನ್ನು ಕಾಕಾ ಅನ್ನುತ್ತಿದ್ದೆ. ಅಪ್ಪ ತೀರಿಕೊಂಡು ಮೆಣಸಿನಕಾಯಿ ದಲಾಲಿ ಅಂಗಡಿಯ ಗಾದಿಯ ಮೇಲೆ ನಾನು ಕೂತ ಮೇಲೆ ‘ಕಾಕಾ’ ಹೋಗಿ ‘ಮಿಸ್ತ್ರಿ’ ಆಯಿತು. ಯಾವತ್ತು ಆಯಿತೋ ನನಗೆ ನೆನಪಿಲ್ಲ, ಅವನಿಗೆ ಇದ್ದೀತು.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷಕ್ಕೆ ನಾನು ಹೊಸ ಡೀಸೆಲ್ ಕಾರು ತಂದೆ. ಮೆಣಸಿನಕಾಯಿ ಮಾರುಕಟ್ಟೆ ಯಾರ್ಡಿನ ಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಕಾರು ತೆಗೆದುಕೊಳ್ಳುತ್ತಿದ್ದ ಕಾಲ ಅದು. ಮಿಸ್ತ್ರಿ ಕೈ ತೊಳೆದುಕೊಂಡು, ಲಿಂಬೆಹಣ್ಣು ಹಿಡಿದುಕೊಂಡು ನೋಡಲು ಬಂದ. ಬಾನೆಟ್ಟಿನ ಮೇಲೆ ಕೈಯಿಡಲು ಹೋದವನಿಗೆ, ಇದಕ್ಕೆ ಕಂಪ್ಯೂಟರ್ ಬೇಕಾಗುತ್ತದೆ, ಇದು ನಿನ್ನ ಪಾನಾಕ್ಕೆ ಬಗ್ಗುವುದಲ್ಲ ಎಂದು ಚೇಷ್ಟೆ ಮಾಡಿದೆ. ಅವನೂ ನಕ್ಕ. ಲಿಂಬೆಹಣ್ಣನ್ನು ಮಾತ್ರ ತಾನೇ ಗಾಲಿಯ ಕೆಳಗಿಟ್ಟು ಹೋದ.

ಸರ್ವಿಸ್ ಮಾಡಿಸಲು ಹಾವೇರಿಯ ಶೋರೂಮಿಗೆ ಹೋಗಬೇಕಿತ್ತು. ಎಸಿ ಕೋಣೆ, ಗಾಜಿನಾಚೆ ಕಾಣುವ ಕಾರುಗಳು, ಟೈ ಕಟ್ಟಿದ ಸರ್ವಿಸ್ ಅಡ್ವೈಸರ್. ಅವನು ಮಾತಿಗೊಮ್ಮೆ ‘ಸರ್’ ಅನ್ನುತ್ತಿದ್ದ, ನಾನು ಉಬ್ಬುತ್ತಿದ್ದೆ. ಮೊದಲ ಸರ್ವಿಸ್ ಮುಗಿಸಿ, ಇನ್ನು ಹತ್ತು ಸಾವಿರ ಕಿಲೋಮೀಟರಿಗೆ ಆಯಿಲ್, ನಡುವೆ ಯಾರನ್ನೂ ಮುಟ್ಟಗೊಡಬೇಡಿ ಎಂದ. ನಾನು ಆ ಸಂಖ್ಯೆಯನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡೆ. ಕಾರಿನ ಜೊತೆ ಕೊಟ್ಟ ಇಂಗ್ಲಿಷ್ ಪುಸ್ತಕ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬರಲೇ ಇಲ್ಲ.

ಸುಗ್ಗಿಯಲ್ಲಿ ಕಾರಿಗೆ ಇದ್ದ ಓಡಾಟವೆಂದರೆ ಮನೆಯಿಂದ ಯಾರ್ಡು, ಯಾರ್ಡಿನಿಂದ ಮನೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಮತ್ತೆ ಶುರು ಮಾಡುವುದು, ಚೀಲ ಸುರಿಯುವ ಕಡೆ ಮೆಣಸಿನಕಾಯಿಯ ಕೆಂಪು ಧೂಳಿನಲ್ಲಿ ಇಂಜಿನ್ ಚಾಲೂ ಬಿಟ್ಟುಕೊಂಡು ಕೂರುವುದು. ಒಂದು ದಿನ ಮಿಸ್ತ್ರಿ ಯಾರದೋ ಟೆಂಪೋ ರಿಪೇರಿಗೆ ಅಲ್ಲಿಗೆ ಬಂದಿದ್ದ. ನನ್ನ ಕಾರಿನ ಸದ್ದು ಕೇಳಿ ಹತ್ತಿರ ಬಂದು, ಕೇಳದೆಯೇ ಬಾನೆಟ್ ಎತ್ತಿಸಿ, ಕಡ್ಡಿ ಎಳೆದು, ಆಯಿಲ್ಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದ.

“ಸಾವ್ಕಾರ್ರ, ಹತ್ತರ ಮಟಾ ಕಾಯಬ್ಯಾಡ್ರಿ. ಅವರು ಹೇಳೋದು ಹೈವೇ ಲೆಕ್ಕ. ಈ ಧೂಳಿನ್ಯಾಗ ಐದಕ್ಕ ಇಳಿಸಿಬಿಡ್ರಿ. ನನ್ನ ಕಡೆ ಬ್ಯಾಡ, ಹಾವೇರಿಯೊಳಗ ಮಾಡಸ್ರಿ.”

ನಾನು ಅಲ್ಲಿಯೇ ನಿಂತು ಹಾವೇರಿಗೆ ಫೋನು ಹಚ್ಚಿದೆ. ಡೀಸೆಲ್ ಗಾಡಿಯ ಆಯಿಲ್ ಕಪ್ಪಾಗುವುದು ಸಹಜ, ಊರಿನ ಮಿಸ್ತ್ರಿಗಳು ಹೆದರಿಸುವುದೇ ಹೀಗೆ ಎಂದು ಅಡ್ವೈಸರ್ ನಕ್ಕ. ಆ ಮಾತನ್ನು ನಾನು ಸುತ್ತ ನಿಂತವರೆಲ್ಲ ಕೇಳುವಂತೆ ಮಿಸ್ತ್ರಿಗೆ ಮುಟ್ಟಿಸಿದೆ. ಅವನು ಕಡ್ಡಿಯನ್ನು ಒರೆಸಿ ಜಾಗಕ್ಕೆ ಸೇರಿಸಿ, ಟೆಂಪೋ ಕಡೆ ನಡೆದ.

ಒಂಬತ್ತು ಸಾವಿರ ದಾಟಿದ ಮೇಲೆ, ಗಳಗನಾಥದಿಂದ ಬರುವಾಗ ಕಾರಿನಲ್ಲಿ ಆಯಿಲ್ಲಿನ ಕೆಂಪು ದೀಪ ಹತ್ತಿತು. ನಾನೇನೂ ಗಾಬರಿಯಾಗಲಿಲ್ಲ. ದಾರಿಯಲ್ಲಿ ಒಂದು ಡಬ್ಬಿ ಕೊಂಡು ಸುರಿದೆ, ದೀಪ ಆರಿತು. ಜೀಪಿನ ಮಗನಿಗೆ ಇದೆಲ್ಲ ಯಾವ ಮಹಾ ಎಂದು ಸಿಳ್ಳೆ ಹಾಕುತ್ತ ಮನೆಗೆ ಬಂದೆ. ತಿಂಗಳೊಪ್ಪತ್ತಿನಲ್ಲಿ ಅಡ್ವೈಸರನ ಫೋನು ಬಂತು. ಅಂಗಡಿಯಲ್ಲಿ ಮೆಣಸಿನಕಾಯಿ ಟೆಂಡರಿನ ಗದ್ದಲ.

“ಸರ್, ಹತ್ತು ಸಾವಿರ ಆಗಿರಬೇಕಲ್ರಿ. ಆಯಿಲ್ ಹಾಕ್ಸೀರೇನ್ರಿ?”

“ಎಣ್ಣಿ ಹಾಕೇನಿ,” ಅಂದೆ.

ಎಲ್ಲಿ ಹಾಕಿಸಿದಿರಿ ಎಂದು ಅವನು ಕೇಳಲಿಲ್ಲ, ಏನು ಹಾಕಿದೆ ಎಂದು ನಾನು ಹೇಳಲಿಲ್ಲ. ಹಾಗಾದರೆ ಇಪ್ಪತ್ತಕ್ಕೆ ಬನ್ನಿ ಎಂದು ಅವನು ಬರೆದುಕೊಂಡ. ಬದಲಿಸಿದ್ದಾರೆ ಎಂದು ಅವನು ತಿಳಿದ. ಬದಲಿಸುವುದು ಇಪ್ಪತ್ತಕ್ಕೇ ಇರಬೇಕು ಎಂದು ನಾನು ತಿಳಿದೆ. ಆಮೇಲೆ ಎರಡು ಸಲ ದೀಪ ಹತ್ತಿತು, ಎರಡು ಸಲವೂ ಸುರಿದೆ.

ಹದಿನೆಂಟು ಸಾವಿರದ ಮೇಲೆ ಹಲಗೇರಿಯ ರೈತರೊಬ್ಬರನ್ನು ಕಂಡು ಹಿಂದಿರುಗುವಾಗ, ಇಂಜಿನ್ ಕಟಕಟ ಎಂದು ಕಲ್ಲು ಜಗಿದಂತೆ ಸದ್ದು ಮಾಡಿ ನಿಂತುಬಿಟ್ಟಿತು. ಎಳೆಸಿಕೊಂಡು ಹಾವೇರಿಗೆ ಹೋದೆ. ಇಂಜಿನ್ ಬಿಚ್ಚಿದವರು ನನ್ನನ್ನು ಒಳಗೆ ಕರೆದು ತೋರಿಸಿದರು. ಒಳಗಿದ್ದದ್ದು ಆಯಿಲ್ ಆಗಿರಲಿಲ್ಲ, ಬಾಣಲೆಯ ತಳದ ಕಿಟ್ಟದಂಥ ಕರಿ ರಾಡಿ. ಮೊದಲ ಸರ್ವಿಸ್ ಆದ ಮೇಲೆ ಇದು ಒಂದು ಸಲವೂ ಬದಲಾಗಿಲ್ಲವಲ್ಲ, ಹಾಕಿದ್ದೇನೆ ಅಂದಿದ್ದಿರಿ, ಯಾರು ಹಾಕಿದ್ದು ಎಂದು ಅಡ್ವೈಸರ್ ಕೇಳಿದ. ಆಗಲೇ ನನಗೆ ಎರಡೂ ‘ಹಾಕೋದು’ ಬೇರೆ ಬೇರೆ ಎಂದು ಹೊಳೆದದ್ದು.

ನಿಜ ಹೇಳಬಹುದಿತ್ತು. ತಪ್ಪು ತಿಳಿದೆ ಅಂದಿದ್ದರೆ ಅವನು ಒಂದು ಗಳಿಗೆ ನಗುತ್ತಿದ್ದ, ಅಷ್ಟೇ. ವಾರಂಟಿಯಂತೂ ಹೇಗೂ ಸಿಗುವಂತಿರಲಿಲ್ಲ. ಸುಳ್ಳಿನಿಂದ ನನಗೆ ದಕ್ಕುವುದು ಏನೂ ಇರಲಿಲ್ಲ. ಆದರೆ ಸುತ್ತಲೂ ನಾಲ್ಕು ಜನ ಕೆಲಸದವರು ನಿಂತಿದ್ದರು. ಇಷ್ಟು ದಿನ ‘ಸರ್’ ಆಗಿದ್ದವನು ಅವರೆದುರು ದಡ್ಡನಾಗುವುದು ನನ್ನಿಂದ ಆಗಲಿಲ್ಲ.

“ನಮ್ಮೂರ ಮಿಸ್ತ್ರಿ,” ಅಂದೆ.

ಅಡ್ವೈಸರ್ ತಲೆ ಅಲ್ಲಾಡಿಸಿ, ಹೊರಗಿನವರ ಕೈ ಎಂದು ಕಾಗದದ ಮೇಲೆ ಬರೆದ. ಕೆಳಗೆ ನಾನು ಸಹಿ ಮಾಡಿದೆ.

ಸುಳ್ಳನ್ನು ಹಾವೇರಿಯಲ್ಲೇ ಬಿಟ್ಟು ಬರಬಹುದಿತ್ತು, ಬಿಡಲಿಲ್ಲ. ಕಾರೆಲ್ಲಿ ಎಂದು ಯಾರ್ಡಿನಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ, ಹೇಳುತ್ತ ಹೇಳುತ್ತ ಬೆಳೆಸಿದೆ. ಹಳೆ ಆಯಿಲ್ ಇಳಿಸದೆ ಮೇಲೆ ಸುರಿದು ಕಳಿಸಿದನಂತೆ ಎಂದು ಅದೇ ಕಥೆ ಎರಡು ದಿನದಲ್ಲಿ ಬೇರೆಯವರ ಬಾಯಿಂದ ನನಗೇ ಬಂತು. ಹೊಸ ಗಾಡಿ ಅವನ ಕೈಗೆ ಬೇಡ ಎಂದು ಮಂದಿ ಮಾತಾಡಿಕೊಳ್ಳುತ್ತಿದ್ದರು. ಅದೇ ವಾರದಲ್ಲಿ ಒಂದು ಸಂಜೆ ಮನೆಯಲ್ಲಿ ಕೂತು ಆ ಇಂಗ್ಲಿಷ್ ಪುಸ್ತಕ ಬಿಚ್ಚಿದೆ. ಧೂಳಿದ್ದಲ್ಲಿ, ಸಣ್ಣ ಸಣ್ಣ ಓಡಾಟವಿದ್ದಲ್ಲಿ ಆಯಿಲ್ಲನ್ನು ಅರ್ಧಕ್ಕೇ ಬದಲಿಸಿ ಎಂದು ಅದರಲ್ಲಿ ಅಚ್ಚಾಗಿತ್ತು. ಅರ್ಧ ಎಂದರೆ ಐದು ಸಾವಿರ. ಪುಸ್ತಕವನ್ನು ಮತ್ತೆ ಚೀಲದೊಳಗೆ ಹಾಕಿಟ್ಟೆ.

ಮರುದಿನ ಮಿಸ್ತ್ರಿ ಅಂಗಡಿಗೆ ಬಂದ. ಗಾದಿಯ ಸುತ್ತ ವ್ಯಾಪಾರಸ್ಥರು ಕೂತಿದ್ದರು. ಅವನು ಹೊಸ್ತಿಲ ಆಚೆಯೇ ನಿಂತು, ಧ್ವನಿ ಏರಿಸದೆ ಕೇಳಿದ.

“ನಿಮ್ಮ ಗಾಡಿಗೆ ನಾ ಯಾವಾಗ ಎಣ್ಣಿ ಹಾಕಿದೆನ್ರಿ, ಸಾವ್ಕಾರ್ರ?”

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಬಾಯಿಂದ ಬಂದ ಮಾತನ್ನು ಇವತ್ತಿಗೂ ನೆನೆಯಲು ನಾಚಿಕೆಯಾಗುತ್ತದೆ.

“ಇರ್ಲಿ ಬಿಡು ಮಿಸ್ತ್ರಿ. ಆದದ್ದಾತು. ನಾ ನಿನಗ ಏನೂ ಅನ್ನಾಕತ್ತಿಲ್ಲ.”

ಮಾಡದ ತಪ್ಪಿಗೆ ನಾನವನಿಗೆ ಕ್ಷಮೆ ಕೊಟ್ಟಿದ್ದೆ, ಅದೂ ನಾಲ್ಕು ಜನರೆದುರು. ಬೈದಿದ್ದರೆ ಅವನು ತಿರುಗಿ ಜಗಳವಾದರೂ ಆಡುತ್ತಿದ್ದನೇನೋ. ಕ್ಷಮಿಸಿದವನ ಜೊತೆ ಜಗಳ ಆಡುವುದು ಹೇಗೆ? ಅವನು ಹೊಸ್ತಿಲ ಆಚೆಯಿಂದಲೇ ತಿರುಗಿ ಹೋದ. ಕೂತವರು ನನ್ನನ್ನು ಹೊಗಳಿದರು.

ವರ್ಷ ತುಂಬುವುದರೊಳಗೆ ಅವನು ಶೆಡ್ಡು ಬಿಟ್ಟು ರಾಣೆಬೆನ್ನೂರಿಗೆ ಹೋದನೆಂದು ತಿಳಿಯಿತು, ಬೇರೆಯವರ ಗ್ಯಾರೇಜಿನಲ್ಲಿ ಕೂಲಿಗೆ. ನನ್ನೊಬ್ಬನಿಂದಲೇ ಹೀಗಾಯಿತು ಎನ್ನಲಾರೆ. ನನ್ನಿಂದ ಅಲ್ಲ ಎನ್ನುವುದಕ್ಕೂ ಬಾಯಿ ಬರುವುದಿಲ್ಲ. ಬೀಜ ತರಲು ರಾಣೆಬೆನ್ನೂರಿಗೆ ಹೋದಾಗಲೆಲ್ಲ ಆ ಗ್ಯಾರೇಜಿನ ರಸ್ತೆ ತಪ್ಪಿಸಿ ಬೇರೆ ರಸ್ತೆಯಲ್ಲಿ ಹೋಗುತ್ತಿದ್ದೆ. ಎರಡು ವರ್ಷ ಹಾಗೇ ಸುತ್ತಿದೆ. ಕೊನೆಗೊಂದು ದಿನ ಗಟ್ಟಿ ಮನಸ್ಸು ಮಾಡಿ ಅಲ್ಲಿಗೇ ಹೋದೆ.

ಅವನು ಟ್ರ್ಯಾಕ್ಟರೊಂದರ ಕೆಳಗಿನಿಂದ ಎದ್ದು ಬಂದು, “ಬರ್ರಿ, ಕುಂದ್ರಿ,” ಎಂದು ಸ್ಟೂಲು ಒರೆಸಿ ಕೊಟ್ಟ. ನಾನು ಕೂರಲಿಲ್ಲ. ಕಾಕಾ ಎಂದು ಕರೆಯಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ, ಅದೂ ಬಾಯಿಗೆ ಬರಲಿಲ್ಲ. ದೀಪ ಹತ್ತಿದ್ದು, ನಾನೇ ಸುರಿದದ್ದು, ಹಾವೇರಿಯಲ್ಲಿ ಅವನ ಮೇಲೆ ಹಾಕಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ತಪ್ಪಾಯಿತು ಅಂದೆ. ಅವನು ಕೈಯ ಗ್ರೀಸನ್ನು ಬಟ್ಟೆಯಿಂದ ತಿಕ್ಕುತ್ತ ಕೇಳಿದ.

“ನಾ ಹಾಕಿಲ್ಲ ಅನ್ನೂದು ನನಗ ಗೊತ್ತಿರಂಗಿಲ್ಲೇನ್ರಿ? ಗೊತ್ತಿದ್ದವಗ ಯಾಕ ಹೇಳಾಕ ಬಂದೀರಿ? ಗೊತ್ತಿಲ್ಲದವ್ರಿಗೆ ಹೇಳ್ರಿ.”

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ. ಖರೇ ಹೇಳುವವನಿದ್ದೆ. ಮರುದಿನ ಯಾರ್ಡಿನ ಚಹಾದಂಗಡಿಯಲ್ಲಿ ಅವತ್ತು ನನ್ನ ಗಾದಿಯ ಸುತ್ತ ಇದ್ದ ಅದೇ ನಾಲ್ಕು ಜನ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ನಿನ್ನೆ ರಾಣೆಬೆನ್ನೂರಿನಲ್ಲಿ ಮಿಸ್ತ್ರಿ ಸಿಕ್ಕಿದ್ದ ಎಂದು ಶುರು ಮಾಡಿದೆ. ಅವರಲ್ಲಿ ಹಿರಿಯರೊಬ್ಬರು ನನ್ನ ಬೆನ್ನ ಮೇಲೆ ಕೈಯಿಟ್ಟರು.

“ಅಷ್ಟು ಮಾಡಿದವನನ್ನೂ ಮಾತಾಡ್ಸಿ ಬಂದಿಯಲ್ಲಪಾ. ನಿಮ್ಮಪ್ಪನ ಗುಣ ಬಂದೈತಿ ನಿನಗ.”

ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಅದನ್ನು ಅವರು ಸಂಕೋಚ ಅಂದುಕೊಂಡರು.