ಮೂಳೆಯಮ್ಮನ ಗೆರೆ

ಇಡೀ ಕಟ್ಟಡಕ್ಕೆ ಆಕೆ ಮೂಳೆಯಮ್ಮ. ಹೆಸರಿಟ್ಟವಳು ಕೆಳಗಿನ ಮನೆಯವಳು. ಆಕೆ ಅದಕ್ಕೆ ಬೇಸರಪಟ್ಟುಕೊಂಡವಳಲ್ಲ. "ಮೂಳೆ ಇಲ್ದಿದ್ರೆ ನೀನೂ ನೆಲಕ್ಕೆ ಚೆಲ್ಲಿದ ಹಿಟ್ಟೇ ಕಣೇ" ಅಂದು ಮೆಟ್ಟಿಲು ಹತ್ತಿದ್ದಳು.

ಹಳೆ ಸಾಮಾನಿನ ಅಂಗಡಿಯಲ್ಲಿ ಒಮ್ಮೆ ಆಕೆಗೆ ಹೆಬ್ಬೆರಳುದ್ದದ ಲೋಹದ ಅಸ್ಥಿಪಂಜರವೊಂದು ಸಿಕ್ಕಿತ್ತು. ಯಾವುದೋ ಕಾಲದಲ್ಲಿ, ಮಾಯಾಲೋಕದ ಯುದ್ಧದ ಆಟಕ್ಕೆಂದು ಎರಕ ಹೊಯ್ದ ಸೈನಿಕ. ಕೈಯಲ್ಲಿ ಕತ್ತಿ, ಗುರಾಣಿ, ಮುಖದ ತುಂಬ ಹಲ್ಲು. ಈಗಿನ ಪ್ಲಾಸ್ಟಿಕ್ಕಿನವುಗಳ ಹಾಗಲ್ಲ, ಅಂಗೈಯಲ್ಲಿಟ್ಟರೆ ಭಾರ ತಿಳಿಯುತ್ತದೆ. ಸತ್ತ ಮೇಲೂ ಜಗಳಕ್ಕೆ ನಿಂತ ಆ ಆಸಾಮಿಯನ್ನು ಕಂಡು ಆಕೆಗೆ ನಗು ಬಂತು, ಬಣ್ಣ ಬಳಿಯಬೇಕೆನ್ನಿಸಿತು. ಹುಚ್ಚು ಹತ್ತಿದ್ದು ಹಾಗೆ. ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳನ್ನು ಹಿಂದಕ್ಕೆ ತಳ್ಳಿ ಒಂದು ಪಡೆಯೇ ನಿಂತಿತು. ಬಣ್ಣದ ಗುಂಗಿನಲ್ಲಿ ಕುಂಚವನ್ನು ಟೀ ಲೋಟಕ್ಕೆ ಅದ್ದಿ, ಕುಂಚ ತೊಳೆದ ನೀರನ್ನು ಗುಟುಕರಿಸಿದ್ದೂ ಉಂಟು.

ಹೊಟ್ಟೆಪಾಡಿಗೆ ಆಕೆ ದರ್ಜಿ. ಕೋಟಿನ ಗುಂಡಿಗೆ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ. ಆಮೇಲೆ ಆ ಕೈಯೇ ನಡುಗತೊಡಗಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು, ನಡುಕ ಉಳಿಯಿತು. ಅಂಗಡಿಯ ಯಜಮಾನ "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಅಮ್ಮ" ಅಂದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮನೆಯಲ್ಲೂ ಒಂದೊಂದೇ ಕೆಲಸ ಕೈಬಿಟ್ಟು ಹೋಯಿತು. ತರಕಾರಿ ಹೆಚ್ಚುವುದು ಮಗಳ ಪಾಲಾಯಿತು, ಟೀ ಸೋಸುವುದು ಅಳಿಯನ ಪಾಲಾಯಿತು. ಎಲ್ಲರೂ ಒಳ್ಳೆಯವರೇ, ತೊಂದರೆ ಇದ್ದದ್ದೇ ಅಲ್ಲಿ. ಒಳ್ಳೆಯವರ ಜೊತೆ ಜಗಳ ಕಾಯುವುದು ಹೇಗೆ? ಆಕೆಯದೆಂದು ಉಳಿದದ್ದು ಅಸ್ಥಿಪಂಜರಗಳು ಮಾತ್ರ. ಅವೂ ಹೋದರೆ ತಾನು ಕಿಟಕಿ ಪಕ್ಕದ ಇನ್ನೊಂದು ಕುರ್ಚಿ ಅಷ್ಟೇ ಎಂದು ಆಕೆಗೆ ಗೊತ್ತಿತ್ತು.

ಪುಣ್ಯಕ್ಕೆ ಅಸ್ಥಿಪಂಜರ ನಡುಗುವ ಕೈಗೂ ಒಗ್ಗುತ್ತದೆ. ನೀರಾಗಿಸಿದ ಕಂದು ಬಣ್ಣ ಬಳಿದರೆ ಪಕ್ಕೆಲುಬಿನ ಸಂದಿಗಳಿಗೆ ತಾನೇ ಇಳಿಯುತ್ತದೆ. ಅದು ಒಣಗಿದ ಮೇಲೆ, ಬಿಳಿ ಬಣ್ಣದ ಕುಂಚವನ್ನು ಬಟ್ಟೆಗೆ ಚೆನ್ನಾಗಿ ಒರೆಸಿ ಮೇಲೆ ಸವರಿದರೆ ಉಬ್ಬಿದ ಕಡೆ ಮಾತ್ರ ಹತ್ತುತ್ತದೆ. ಕೈ ನಡುಗಿದರೆ ನಡುಗಲಿ. ಗುರಾಣಿಯ ಅಂಚಿನ ಕೆಂಪು ಗೆರೆ ಹಾಗಲ್ಲ, ಅದಕ್ಕೆ ಕೈ ನಿಲ್ಲಬೇಕು. ಮಣಿಕಟ್ಟುಗಳನ್ನು ಮೇಜಿಗೆ ಒತ್ತಿ, ಉಸಿರು ಬಿಗಿಹಿಡಿದು, ಒಬ್ಬ ಸೈನಿಕನಿಗೆ ದಿನಕ್ಕಿಷ್ಟು ಎಂದು ಎಳೆದಳು. ಗೆರೆ ಡೊಂಕಾಯಿತು, ಆದರೆ ಸುತ್ತು ಮುಗಿಯಿತು. ಇಂಥ ಸೈನಿಕರಿಗೆ ಬಣ್ಣ ಬಳಿಯುವವರ ಕೂಟ ನಡೆಸುವ ಪ್ರದರ್ಶನಕ್ಕೆ ಇವನನ್ನೇ ಇಡುತ್ತೇನೆಂದು ಮನೆಯಲ್ಲಿ ಸಾರಿದಳು.

ಆ ವಾರವೇ ಒಂದು ಬೆಳಿಗ್ಗೆ ನೋಡಿದರೆ ಗೆರೆ ನೆಟ್ಟಗಿದೆ.

"ಇದ್ಯಾರ ಕೈ?"

ಬೇರೆ ಯಾರದು? ಮಗಳು ಬ್ಯೂಟಿ ಪಾರ್ಲರಿನಲ್ಲಿ ಉಗುರಿಗೆ ಚಿತ್ತಾರ ಬಿಡಿಸುವವಳು.

"ಸ್ವಲ್ಪ ಸರಿ ಮಾಡ್ದೆ ಅಮ್ಮ, ಅಷ್ಟೇ. ಅಷ್ಟು ಜನ ಬರ್ತಾರೆ. ಯಾರೂ ನಿನ್ನ ನೋಡಿ ಅಯ್ಯೋ ಪಾಪ ಅನ್ಬಾರ್ದು ಅಂತ."

"ಮೊದಲು ಅಂದವಳು ನೀನೇ ಅಲ್ವಾ?"

ಆಕೆಗೆ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ಅವಮಾನವಾಗಿತ್ತು. ಗಾಜಿನ ಡಬ್ಬಿಗೆ ಬಣ್ಣ ತೆಗೆಯುವ ದ್ರಾವಣ ಸುರಿದು, ಸೈನಿಕನನ್ನು ತಲೆ ಮುಳುಗುವಂತೆ ಅದ್ದಿದಳು.

"ಅಮ್ಮ, ನೀನು ಮಾಡಿದ್ದೂ ಹೋಗುತ್ತೆ."

"ಹೋಗ್ಲಿ. ಮಾಡಿದವಳು ಇನ್ನೂ ಇದೀನಿ."

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಲು ಕೂತಾಗ ಮಗಳು ತಡೆಯಲಾರದೆ ಕೈ ಚಾಚಿದಳು. ಆಕೆ ಬ್ರಷ್ಷನ್ನು ಹಿಂದಕ್ಕೆಳೆದುಕೊಂಡು, "ಅವರವರ ತಲೆಗೆ ಅವರವರದೇ ಕೈ, ನಿನ್ನ ಪಾರ್ಲರಿಗೆ ಹೊತ್ತಾಯ್ತು" ಎಂದು ಕಡ್ಡಿ ಮುರಿದಂತೆ ಹೇಳಿದಳು. ಮಗಳು ಕಣ್ಣೊರೆಸಿಕೊಳ್ಳುತ್ತ ಹೋದಳು. ಆಕೆಗೂ ಸಂಕಟವಾಯಿತು, ಆದರೂ ಕರೆಯಲಿಲ್ಲ.

ಪ್ರದರ್ಶನದ ಮೇಜಿನ ಮೇಲೆ, ಎಲ್ಲರ ಸೈನಿಕರ ಸಾಲಿನಲ್ಲೇ ಆಕೆಯವನೂ ನಿಂತ. ಮತ್ತೆ ಎಳೆದ ಗೆರೆ ಮೊದಲಿಗಿಂತ ಡೊಂಕು. ಬಗ್ಗಿ ನೋಡುತ್ತಿದ್ದವರೊಬ್ಬರು ಆಕೆಯನ್ನು ಬಿಟ್ಟು, ಜೊತೆಗೆ ಬಂದಿದ್ದ ಮಗಳನ್ನು ಕೇಳಿದರು: "ಮೂಳೆಯೆಲ್ಲ ಎಷ್ಟು ಚೆನ್ನಾಗಿದೆ, ಈ ಗೆರೆ ಯಾಕೆ ಹೀಗೆ?"

ಮಗಳು ತುಟಿ ಕಚ್ಚಿಕೊಂಡು ತಾಯಿಯ ಕಡೆ ನೋಡಿದಳು.

"ನನ್ನ ಕೈ ನಡುಗುತ್ತೆ, ಅದಕ್ಕೆ" ಅಂದಳು ಮೂಳೆಯಮ್ಮ. "ಈಗ ಇನ್ನೊಂದು ಶುರು ಮಾಡಿದೀನಿ. ಅದರ ಗುರಾಣಿ ಇದಕ್ಕಿಂತ ದೊಡ್ಡದು."