ಕಮಲಾಪುರದ ಹೊಲದಲ್ಲಿ ಹೂತ ಅಚ್ಚಿನ ಮೊಳೆಗಳು

ಕಮಲಾಪುರದಲ್ಲಿ ಜೆಸಿಬಿ ಅಗೆದ ಹಸಿಮಣ್ಣಿನ ವಾಸನೆ ಬಂದರೆ ಇಂದಿಗೂ ಗಾಡಿ ನಿಲ್ಲಿಸುತ್ತೇನೆ. ಅಪ್ಪನ ಗುದ್ದಲಿ ನೆನಪಾಗುತ್ತದೆ.

ಶಹಾಬಜಾರದಲ್ಲಿ ನಮ್ಮದೊಂದು ಕನ್ನಡ ವಾರಪತ್ರಿಕೆ ಇತ್ತು. ರಜಾಕಾರರು ಮುದ್ರಣಾಲಯಕ್ಕೆ ಬೆಂಕಿ ಹಚ್ಚುತ್ತಾರೆಂಬ ಸುದ್ದಿ ಬಂದಾಗ, ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕರೀಂ ಚಾಚಾ ಅಚ್ಚಿನ ಮೊಳೆಗಳನ್ನೆಲ್ಲ ಚೀಲಕ್ಕೆ ತುಂಬಿ, ನಮ್ಮ ಕಮಲಾಪುರದ ಹೊಲದಲ್ಲಿ ಹೂತು ಬಂದರು.

"ಜಾಗಾ ಹೇಳಂಗಿಲ್ರೀ ಮಾಲಕ್ರ. ನೀವು ಪತ್ರಿಕಿ ಮಂದಿ, ಹೊಡದ್ರ ಬಾಯಾಗ ಸುದ್ದಿ ನಿಲ್ಲಂಗಿಲ್ಲ," ಎಂದು ಅಪ್ಪನಿಗೆ ಹೇಳಿ ನಕ್ಕರು.

ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಚಾಚಾ ಕಾಣೆಯಾದರು. ಅಪ್ಪ ಹೊಲ ಅಗೆಯುತ್ತಲೇ ಹೋದರು.

"ಬ್ಯಾರೆ ಮೊಳಿ ತರ್ರಿ, ಪತ್ರಿಕಿ ನಡೀತದ," ಎಂದಳು ಅವ್ವ.

"ಮೊಳಿ ಎಲ್ಲ್ಯಾರ ಸಿಗ್ತಾವ. ಅಗಿಯೋದು ಬಿಟ್ರ, ಅಂವ ಬರಂಗಿಲ್ಲ ಅಂತ ಒಪ್ಪಿದಂಗ ಆಗ್ತದ."

ಪತ್ರಿಕೆ ಮತ್ತೆ ಹೊರಬರಲಿಲ್ಲ. ವ್ಯಾಪಾರಸ್ಥನಾದ ನನ್ನ ಲೆಕ್ಕದಲ್ಲಿ ಅದು ಶುದ್ಧ ನಷ್ಟ. ಆದರೂ ಗುಂಡಿ ಕಂಡರೆ ಬಗ್ಗಿ ನೋಡುತ್ತೇನೆ.